ರೇಡಿಯೊ ಫ್ರೇಮಿನ ಹಸಿರು ಪೇಂಟ್ ತೆಗೆಯುವುದು ಹೇಗೆ? ಕಂದು ಬಣ್ಣ ಹೊಡೆಯಬಹುದಾ?

ಸಾಗರದ ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರ ಹಳೇ ವಾಲ್ವ್ ರೇಡಿಯೊ ಒಂದಿದೆ. 1964ರಲ್ಲಿ ಅಡಿಕೆ ಮಾರಿದ ದುಡ್ಡಿನಲ್ಲಿ ಶಿವಮೊಗ್ಗದಿಂದ ತಂದಿದ್ದಂತೆ. ಪೋಸ್ಟ್ ಆಫೀಸಿನಲ್ಲಿ ಹಣ ಕಟ್ಟಿ ಮುದ್ರೆ ಹಾಕಿಸುತ್ತಿದ್ದ ಲೈಸೆನ್ಸ್ ಪುಸ್ತಕ ಕೂಡ ಕಪಾಟಿನಲ್ಲಿ ಸಿಕ್ಕಿದೆ. ಮರದ ಪೆಟ್ಟಿಗೆ ಚೆನ್ನಾಗಿಯೇ ಇದೆ. ಗೋಳು ಇರುವುದು ಮುಂದಿನ ಪ್ಲಾಸ್ಟಿಕ್ ಫ್ರೇಮಿನದು. ಡಯಲ್ ಗಾಜು ಮತ್ತು ಸ್ಪೀಕರ್ ಬಟ್ಟೆಯ ಸುತ್ತ ಬರುವ ಅಂಚುಪಟ್ಟಿ.

1995ರಲ್ಲಿ ನಾದಿನಿಯ ಮದುವೆಗೆ ಮನೆಗೆಲ್ಲ ಬಣ್ಣ ಹೊಡೆಸಿದ್ದರು. ಕಿಟಕಿಗೆ ಹೊಡೆದು ಉಳಿದ ಹಸಿರು ಎನಾಮಲ್ ಪೇಂಟನ್ನು ಯಾರೋ ರೇಡಿಯೊ ಫ್ರೇಮಿಗೂ ಬಳಿದುಬಿಟ್ಟಿದ್ದಾರೆ. ಬ್ರಶ್ ಗೆರೆ ಎದ್ದು ಕಾಣುತ್ತದೆ. ಕೆಲವು ಕಡೆ ಪೇಂಟ್ ಇಳಿದು ಗಟ್ಟಿಯಾಗಿದೆ. ನಾಲ್ಕು ನಾಬ್‌ಗಳಲ್ಲಿ ಮೂರು ಕೆನೆ ಬಣ್ಣದವು, ಒಂದು ಬೇರೆ ಯಾವುದೋ ರೇಡಿಯೊದ ಕಪ್ಪು ನಾಬ್.

ಹಸಿರು ತೆಗೆದು ಕಂದು ಬಣ್ಣ ಹೊಡೆದರೆ ಮರದ ಜೊತೆ ಹೊಂದುತ್ತದೆ ಅನ್ನಿಸುತ್ತಿದೆ. ಥಿನ್ನರ್ ತಂದಿಟ್ಟಿದ್ದೇನೆ. ಹೇಗೆ ಶುರು ಮಾಡಲಿ?

ಕೋಟೆ ಹುಡುಗ:
ಮೇಡಂ, ಥಿನ್ನರ್ ಸರಿಯಾಗಿದೆ. ಹತ್ತಿಗೆ ಹಾಕಿ ಒರೆಸಿ, ಎನಾಮಲ್ ಪೂರ್ತಿ ಬರುತ್ತೆ. ನಮ್ಮ ಗೇಟಿನ ಪೇಂಟ್ ಹಾಗೇ ತೆಗೆದಿದ್ದೆ.

ಮೈಸೂರು ವಾಲ್ವ್:
ದಯವಿಟ್ಟು ಬೇಡ! ಥಿನ್ನರ್ ಡಬ್ಬದ ಮುಚ್ಚಳ ತೆಗೆಯಬೇಡಿ. ಗೇಟ್ ಕಬ್ಬಿಣದ್ದು, ಇದು ಪ್ಲಾಸ್ಟಿಕ್.

ಆ ಕಾಲದ ಕೆನೆ ಬಣ್ಣದ ಫ್ರೇಮ್‌ಗಳು ಹೆಚ್ಚಾಗಿ ಪಾಲಿಸ್ಟೈರೀನ್. ಥಿನ್ನರ್, ಅಸಿಟೋನ್, ಪೆಟ್ರೋಲ್, ಟರ್ಪಂಟೈನ್ ಇವೆಲ್ಲ ಅದಕ್ಕೆ ವಿಷ. ಪೇಂಟಿನ ಜೊತೆ ಪ್ಲಾಸ್ಟಿಕ್ಕೂ ಕರಗಿ ಅಂಟಾಗುತ್ತದೆ. ಬೆರಳಚ್ಚು ಕೂತರೆ ಆಮೇಲೆ ಯಾವ ಪಾಲಿಶ್‌ನಿಂದಲೂ ಹೋಗುವುದಿಲ್ಲ. ನಾನು ಹೀಗೆ ಒಂದು ಫ್ರೇಮ್ ಕಳೆದುಕೊಂಡಿದ್ದೇನೆ. 20 ವರ್ಷ ಆಯಿತು, ಇವತ್ತಿಗೂ ಅದರ ಜೋಡಿ ಸಿಕ್ಕಿಲ್ಲ.

ಬಣ್ಣದ ಮಾತು ಆಮೇಲೆ. ಮೊದಲು ಅದು ಯಾವ ಪ್ಲಾಸ್ಟಿಕ್ ಅಂತ ಗೊತ್ತಾಗಬೇಕು. ರೇಡಿಯೊಗಳಲ್ಲಿ ಬರುವ ಎಲ್ಲವನ್ನೂ ನಾವು ಪ್ಲಾಸ್ಟಿಕ್ ಅಂತಲೇ ಕರೆಯುತ್ತೇವೆ. ಆದರೆ ಬೇಕ್‌ಲೈಟ್ ಬೇರೆ, ಬಿಳಿ ಅಥವಾ ಕೆನೆ ಬಣ್ಣದ ಯೂರಿಯಾ ಫಾರ್ಮಾಲ್ಡಿಹೈಡ್ ಬೇರೆ, ಸೆಲ್ಯುಲೋಸ್ ಅಸಿಟೇಟ್ ಬೇರೆ, ಪಾಲಿಸ್ಟೈರೀನ್ ಬೇರೆ, ಆಮೇಲೆ ಬಂದ ಎಬಿಎಸ್ ಬೇರೆ. ಒಂದಕ್ಕೆ ಒಗ್ಗುವ ಔಷಧಿ ಇನ್ನೊಂದನ್ನು ಕೊಲ್ಲುತ್ತದೆ.

ಅಡುಗೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಫ್ರೇಮಿನ ಹಿಂಬದಿಯಲ್ಲಿ ಮುರಿದ ಚೂರು ಇದೆಯಾ ನೋಡಿ. ಒಂದು ಲೋಟ ಸಾದಾ ನೀರು, ಇನ್ನೊಂದರಲ್ಲಿ ಉಪ್ಪುನೀರು ಇಡಿ. ಲೀಟರಿಗೆ 300 ಗ್ರಾಂ ಉಪ್ಪು, ಚೆನ್ನಾಗಿ ಕರಗಬೇಕು. ಪಾಲಿಸ್ಟೈರೀನ್ ಮತ್ತು ಎಬಿಎಸ್ ಸಾದಾ ನೀರಿನಲ್ಲಿ ಮುಳುಗುತ್ತವೆ, ಉಪ್ಪುನೀರಿನಲ್ಲಿ ತೇಲುತ್ತವೆ. ಅಸಿಟೇಟ್, ಬೇಕ್‌ಲೈಟ್, ಯೂರಿಯಾ ಎರಡರಲ್ಲೂ ಮುಳುಗುತ್ತವೆ. ಚೂರಿಗೆ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ, ಒಂದು ಹನಿ ಸೋಪು ಹಾಕಿ ಅಲ್ಲಾಡಿಸಿ.

ಇನ್ನೊಂದು ಗುರುತು ಸದ್ದು. ಪಾಲಿಸ್ಟೈರೀನನ್ನು ಉಗುರಿನಿಂದ ತಟ್ಟಿದರೆ ತಗಡಿನ ಹಾಗೆ ಟಣ್ ಅನ್ನುತ್ತದೆ. ಸುಟ್ಟು ನೋಡುವ ಪರೀಕ್ಷೆ ಮಾತ್ರ ಬೇಡ. ತೀರಾ ಹಳೇ ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗೆಂದು ಹತ್ತಿಕೊಳ್ಳುತ್ತದೆ.

ಕೋಟೆ ಹುಡುಗ:
ಕ್ಷಮಿಸಿ, ನನಗೆ ಇದು ಗೊತ್ತಿರಲಿಲ್ಲ. ಮೇಡಂ, ನನ್ನ ಮಾತು ಬಿಟ್ಟುಬಿಡಿ.

ಸಾಗರದ ಮನೆ:
ಮೈಸೂರಿನ ಸರ್, ತುಂಬಾ ಉಪಕಾರ ಆಯಿತು. ಹಿಂದೆ ಕ್ಲಿಪ್ ಕೂರುವ ಕಡೆ ಸೀಳಿದ ಒಂದು ಚೂರು ಇತ್ತು. ಸಾದಾ ನೀರಿನಲ್ಲಿ ನಿಧಾನಕ್ಕೆ ಮುಳುಗಿತು. ಉಪ್ಪುನೀರಿನಲ್ಲಿ ತೇಲಿತು. ತಟ್ಟಿದರೆ ನೀವು ಹೇಳಿದ ಹಾಗೇ ಟಣ್ ಅನ್ನುತ್ತದೆ. ನಾಬ್‌ಗಳು ಮಾತ್ರ ಎರಡರಲ್ಲೂ ಮುಳುಗಿದವು. ಅವು ಬೇರೆ ಪ್ಲಾಸ್ಟಿಕ್ಕಾ?

ಮೈಸೂರು ವಾಲ್ವ್:
ನಾಬ್ ಒಳಗೆ ಶಾಫ್ಟ್ ಕೂರುವ ಹಿತ್ತಾಳೆಯ ಬುಷ್ ಇರುತ್ತದಲ್ಲ, ಅದು ಮುಳುಗಿಸುತ್ತದೆ. ನಾಬ್‌ಗೆ ಈ ಪರೀಕ್ಷೆ ಹಿಡಿಯುವುದಿಲ್ಲ. ಫ್ರೇಮ್ ಪಾಲಿಸ್ಟೈರೀನ್ ಅಂತಲೇ ಇಟ್ಟುಕೊಳ್ಳಿ. 60ರ ದಶಕಕ್ಕೆ ಅದು ಸರಿಹೊಂದುತ್ತದೆ.

ಫ್ರೇಮ್ ಬಿಚ್ಚುವ ಮೊದಲು ಎರಡು ಮಾತು. ಪ್ಲಗ್ ಕಿತ್ತು ಪಕ್ಕಕ್ಕಿಡಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ ಆಗಿದ್ದರೆ ಒಳಗಿನ ಲೋಹದ ಚಾಸಿಗೇ ಕರೆಂಟ್ ಬಂದಿರಬಹುದು. ನಾಬ್ ಬಿಗಿಯುವ ಚಿಕ್ಕ ಸ್ಕ್ರೂ ಮುಟ್ಟಿದರೂ ಶಾಕ್ ಹೊಡೆಯುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರ್‌ಗಳಲ್ಲಿ ಚಾರ್ಜ್ ಉಳಿದಿರಬಹುದು, ಒಳಗೆ ಕೈ ಹಾಕಬೇಡಿ.

ಎರಡನೇದು ಡಯಲ್ ಗಾಜು. ಊರಿನ ಹೆಸರು, ಮೀಟರಿನ ಅಂಕಿ ಎಲ್ಲ ಗಾಜಿನ ಹಿಂಬದಿಯಲ್ಲಿ ಅಚ್ಚಾಗಿರುತ್ತವೆ. ಅಷ್ಟು ಹಳೇ ಅಚ್ಚು ಒದ್ದೆ ಬಟ್ಟೆಗೂ ಕಿತ್ತು ಬರಬಹುದು. ಹಿಂಬದಿಗೆ ನೀರು, ಸ್ಪಿರಿಟ್ ಏನೂ ತಾಗಿಸಬೇಡಿ. ಮೆತ್ತನೆ ಬ್ರಶ್‌ನಿಂದ ಧೂಳು ಹಾರಿಸಿದರೆ ಸಾಕು. ಫ್ರೇಮ್ ಹಾಳಾದರೆ ಏನೋ ದಾರಿ ಇದೆ. ಡಯಲ್ ಅಳಿಸಿದರೆ ಆ ರೇಡಿಯೊದ ಮುಖವೇ ಹೋದ ಹಾಗೆ.

ಲೆಸ್ಟರ್ ಕನ್ನಡಿಗ:
ನಾನು ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಪ್ಲಾಸ್ಟಿಕ್ ಮಾಡೆಲ್ ಜೋಡಿಸುವ ಹವ್ಯಾಸದವರು ಜಾಸ್ತಿ. ಆ ಮಾಡೆಲ್‌ಗಳೂ ಪಾಲಿಸ್ಟೈರೀನೇ. ತಪ್ಪಾಗಿ ಹೊಡೆದ ಪೇಂಟ್ ತೆಗೆಯಲು ಅವರು ಡೆಟಾಲ್ ಬಳಸುತ್ತಾರೆ. ಗಾಯಕ್ಕೆ ಹಾಕುವ ಅದೇ ಕಂದು ಡೆಟಾಲ್, ನೀರು ಬೆರೆಸದೆ.

ಹಿಂಬದಿಯ ಒಂದು ಮೂಲೆಯಲ್ಲಿ ಮೊದಲು ಪ್ರಯತ್ನಿಸಿ. ಪ್ಲಾಸ್ಟಿಕ್ ಮೆತ್ತಗಾಗದಿದ್ದರೆ ಹಳೇ ಬನಿಯನ್ ಬಟ್ಟೆ ತೋಯಿಸಿ ಫ್ರೇಮಿಗೆ ಸುತ್ತಿ, ಪಾಲಿಥಿನ್ ಕವರಿನಲ್ಲಿ ಕಟ್ಟಿಡಿ. ಎರಡು ಮೂರು ಗಂಟೆಗೊಮ್ಮೆ ಬಿಚ್ಚಿ ನೋಡಿ. ಪೇಂಟ್ ಉಬ್ಬಿ ಸುಕ್ಕುಗಟ್ಟಿದಾಗ ಹಳೇ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ತಕ್ಷಣ ನಲ್ಲಿ ಕೆಳಗೆ ಹಿಡಿಯುತ್ತಾರೆ. ನೀರು ತಾಗಿದರೆ ಡೆಟಾಲ್ ಮತ್ತು ಬಿಟ್ಟ ಪೇಂಟ್ ಸೇರಿ ಹಲಸಿನ ಅಂಟಿನ ಹಾಗೆ ಆಗುತ್ತದೆ. ಮೊದಲು ಹೊಸ ಡೆಟಾಲ್‌ನಿಂದಲೇ ಜಾಲಾಡಿ, ಒಣಬಟ್ಟೆಯಿಂದ ಒರೆಸಿ, ಪೇಂಟ್ ಪೂರ್ತಿ ಹೋದ ಮೇಲೆ ಪಾತ್ರೆ ಸೋಪು ಮತ್ತು ಉಗುರುಬೆಚ್ಚಗಿನ ನೀರು. ಕೈಗೆ ಗ್ಲೌಸ್ ಬೇಕೇ ಬೇಕು, ನೀರು ಬೆರೆಸದ ಡೆಟಾಲ್ ಚರ್ಮ ಸುಡುತ್ತದೆ. ಕಿಟಕಿ ತೆಗೆದಿಡಿ.

ಎಸ್‌.ಪಿ. ರೋಡ್ ಅಲೆಮಾರಿ:
ಡೆಟಾಲ್ ಬದಲು ಐಸೊಪ್ರೊಪೈಲ್ ಆಲ್ಕೊಹಾಲ್ ಕೂಡ ಆಗುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐಪಿಎ ಅಂತ ಕೇಳಿದರೆ ಕೊಡುತ್ತಾರೆ. ಪಾಲಿಸ್ಟೈರೀನ್‌ಗೆ ಅಪಾಯವಿಲ್ಲ, ಆದರೆ ಹಳೇ ಎಣ್ಣೆ ಪೇಂಟಿಗೆ ನಿಧಾನ. ಬೆಂಕಿಯಿಂದ ದೂರ ಇಡಿ.

ಕೆಲವರು ಕಾಸ್ಟಿಕ್ ಸೋಡಾ ಹೇಳುತ್ತಾರೆ. ಪಾಲಿಸ್ಟೈರೀನ್ ಅದನ್ನು ತಡೆಯುವುದು ನಿಜ. ಆದರೆ ಅಸಿಟೇಟ್, ಬೇಕ್‌ಲೈಟ್ ತಡೆಯುವುದಿಲ್ಲ. ಕಣ್ಣಿಗೆ ಹಾರಿದರೆ ಕಣ್ಣೇ ಹೋಗುತ್ತದೆ. ಮನೆಯಲ್ಲಿ ಅದರ ಸಹವಾಸ ಬೇಡ.

ಬೇಲೂರು ಬಾನುಲಿ:
ನಾನು ಬೇರೆ ಒಂದು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಆ ಹಸಿರು ಬಣ್ಣ 30 ವರ್ಷ ಆ ರೇಡಿಯೊ ಮೇಲೆ ಇದೆ. ಮನೆಯ ಮದುವೆಯ ನೆನಪು ಅದು. ಅದನ್ನು ಯಾಕೆ ಅಳಿಸಬೇಕು?

1940ರ ದಶಕದಲ್ಲಿ ಅಮೆರಿಕದ ಫಾಡಾ ಕಂಪನಿಯವರು ಬುಲೆಟ್ ಅನ್ನುವ ರೇಡಿಯೊ ಮಾಡಿದರು. ಕ್ಯಾಟಲಿನ್ ಅನ್ನುವ ಪ್ಲಾಸ್ಟಿಕ್ಕಿನದು. ಬಿಳಿ ಕ್ಯಾಟಲಿನ್ ವರ್ಷ ಕಳೆದಂತೆ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತು. ನೀಲಿಯದು ಹಸಿರಾಯಿತು. ಮೇಲಿನ ಪದರ ಉಜ್ಜಿದರೆ ಹಳೇ ಬಣ್ಣ ಮತ್ತೆ ಕಾಣುತ್ತದೆ. ಆದರೂ ಎಷ್ಟೋ ಸಂಗ್ರಾಹಕರು ಉಜ್ಜುವುದಿಲ್ಲ. ಆ ಪಾಕದ ಬಣ್ಣವನ್ನೇ ಇಷ್ಟಪಟ್ಟು ಕೊಳ್ಳುತ್ತಾರೆ. ವಯಸ್ಸಾದ ಬಣ್ಣಕ್ಕೂ ಒಂದು ಬೆಲೆ ಇದೆ ಅಂತ ನನ್ನ ನಂಬಿಕೆ.

ಮೈಸೂರು ವಾಲ್ವ್:
ಬೇಲೂರಿನವರ ಮಾತು ತೂಕದ್ದು. ಆದರೆ ಕ್ಯಾಟಲಿನ್ ತಾನಾಗಿ ಹಣ್ಣಾದ ಬಣ್ಣ. ಇದು ಮೇಲಿಂದ ಬಳಿದದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ಅದಕ್ಕಿಂತ ಹೆಚ್ಚಾಗಿ, ಆ ರೇಡಿಯೊ ಮಾವನವರದು. ಅವರನ್ನೇ ಕೇಳಬೇಕು ಅಲ್ವಾ?

ಸಾಗರದ ಮನೆ:
ನೀವು ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ನಾನು ಮಾವನವರನ್ನು ಕೇಳಿರಲೇ ಇಲ್ಲ. ಈಗ ಅವರಿಗೆ 86. ಕಣ್ಣು ಮಂಜು, ಕಿವಿ ಚುರುಕು. ರಾತ್ರಿ ಊಟ ಆದ ಮೇಲೆ ಪಕ್ಕದಲ್ಲಿ ಕೂತು ಕೇಳಿದೆ.

"ಹಸಿರು ಹೊಡೆದಾಗ ನಾನು ಊರಲ್ಲಿರಲಿಲ್ಲ. ಬಂದು ನೋಡಿ ಏನೂ ಅನ್ನಲಿಲ್ಲ. ಮದುವೆ ಮನೆ, ಯಾಕೆ ಮಾತು ಅಂತ. ಅದು ಹಾಲಿನ ಕೆನೆ ಬಣ್ಣ ಇತ್ತು ಕಣಮ್ಮ. ಅಂಚಿಗೆ ಎರಡು ಚಿನ್ನದ ಗೆರೆ ಇತ್ತು. ರಾತ್ರಿ ಡಯಲ್ ದೀಪ ಹತ್ತಿದರೆ ಆ ಗೆರೆ ಹೊಳೀತಿತ್ತು" ಅಂದರು.

ಚಿನ್ನದ ಗೆರೆಯ ವಿಷಯ ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಈಗ ಟಾರ್ಚ್ ಹಿಡಿದು ನೋಡಿದೆ. ಪೇಂಟಿನ ಕೆಳಗೆ ಎರಡು ಸಣ್ಣ ಕಾಲುವೆ ಇರುವುದು ತಿಳಿಯುತ್ತದೆ. ಕಂದು ಬಣ್ಣದ ಯೋಚನೆ ಬಿಟ್ಟೆ. ಕೆನೆ ಬಣ್ಣವೇ ಬೇಕು.

ದಾವಣಗೆರೆ ಟಿಂಕರಿಂಗ್:
ಒಳ್ಳೇ ತೀರ್ಮಾನ ಅಕ್ಕ. ನಾನು ಕಾರಿಗೆ ಪೇಂಟ್ ಮಾಡುವವನು. ಆದರೂ ಹೇಳ್ತೀನಿ, ಒಳಗಿನ ಬಣ್ಣ ಚೆನ್ನಾಗಿ ಉಳಿದಿದ್ದರೆ ಮೇಲೆ ಪೇಂಟ್ ಹೊಡೆಯಬಾರದು. ಹೊಸ ಪೇಂಟ್ ಎಷ್ಟೇ ತೆಳು ಇದ್ದರೂ ಗೆರೆ, ಅಕ್ಷರ, ಮೂಲೆಗಳ ಚೂಪು ಮುಚ್ಚಿಹೋಗುತ್ತದೆ.

ಮುಂದೆ ಯಾರಾದರೂ ಪೇಂಟ್ ಹೊಡೆಯಲೇಬೇಕಾದರೆ ಅಂತ ಬರೆಯುತ್ತಿದ್ದೇನೆ. ಪಾಲಿಸ್ಟೈರೀನ್ ಮೇಲೆ ಥಿನ್ನರ್ ಬೆರೆಸಿದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ನೇರವಾಗಿ ಹೊಡೆಯಬೇಡಿ. ಜೇಡರ ಬಲೆ ಥರ ಸಣ್ಣ ಸೀಳು ಬಿಡುತ್ತದೆ. 800 ನಂಬರ್ ವಾಟರ್ ಪೇಪರಿನಿಂದ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಹಗುರಾಗಿ ಉಜ್ಜಿ, ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ನೀರಿನ ಆಕ್ರಿಲಿಕ್ ಪ್ರೈಮರ್ ಮೊದಲು, ಆಮೇಲೆ ಆಕ್ರಿಲಿಕ್ ಬಣ್ಣ. ಒಂದೇ ದಪ್ಪ ಕೋಟ್ ಬೇಡ, ತೆಳುವಾಗಿ ನಾಲ್ಕೈದು ಹೊಡೆಯಿರಿ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಪ್ರೇ ಕೆಲಸಕ್ಕೆ ಕೈ ಹಾಕಬೇಡಿ. ಗಾಳಿಯ ತೇವ ಪೇಂಟಿನಲ್ಲಿ ಸಿಕ್ಕಿ ಬೂದಿ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ.

ಕೋಟೆ ಹುಡುಗ:
ಪೇಂಟ್ ತೆಗೆದ ಮೇಲೆ ಹಳದಿ ಕಂಡರೆ? ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತದೆ ಅಂತ ವಿಡಿಯೊ ನೋಡಿದ್ದೇನೆ.

ಎಸ್‌.ಪಿ. ರೋಡ್ ಅಲೆಮಾರಿ:
ಅದು ಹಳೇ ಕಂಪ್ಯೂಟರ್‌ಗಳ ಎಬಿಎಸ್ ಪ್ಲಾಸ್ಟಿಕ್ಕಿಗೆ ಹುಟ್ಟಿದ ಉಪಾಯ. 2008ರ ಸುಮಾರಿಗೆ ರೆಟ್ರೊಬ್ರೈಟ್ ಅಂತ ಹೆಸರಾಯಿತು. ಎಬಿಎಸ್ ಮೇಲೆ ಕೆಲಸ ಮಾಡುತ್ತದೆ, ನಾನೇ ಮಾಡಿದ್ದೇನೆ. ಆದರೆ ಸಮನಾಗಿ ಹಚ್ಚದಿದ್ದರೆ ಮೋಡದ ಹಾಗೆ ಕಲೆ ಬೀಳುತ್ತದೆ, ಮತ್ತು ಕೆಲವು ವರ್ಷಕ್ಕೆ ಹಳದಿ ವಾಪಸ್ ಬರಬಹುದು. 60ರ ದಶಕದ ಪಾಲಿಸ್ಟೈರೀನ್ ಫ್ರೇಮಿಗೆ ನಾನು ಅದನ್ನು ಹೇಳುವುದಿಲ್ಲ. ಅಲ್ಲಿ ಹಳದಿ ಇರುವುದು ಬೆಳಕು ಬಿದ್ದ ಮೇಲ್ಪದರದಲ್ಲಿ. ಬಿಳಿ ಟೂತ್‌ಪೇಸ್ಟ್, ಮೆತ್ತನೆ ಬಟ್ಟೆ, ತಾಳ್ಮೆ, ಇಷ್ಟರಿಂದ ಎಷ್ಟು ಬರುತ್ತದೋ ಅಷ್ಟು.

ಮೈಸೂರು ವಾಲ್ವ್:
ಮೂಲ ಬಣ್ಣ ಯಾವುದು ಅಂತ ತಿಳಿಯಲು ಬೆಳಕು ಬೀಳದ ಜಾಗ ನೋಡಿ. ಕ್ಲಿಪ್ ಕೆಳಗೆ, ಸ್ಕ್ರೂ ತೂತಿನ ಸುತ್ತ, ಮರಕ್ಕೆ ಒತ್ತಿಕೊಂಡಿರುವ ಅಂಚು. ಕಾರ್ಖಾನೆಯಿಂದ ಬಂದ ದಿನದ ಬಣ್ಣ ಅಲ್ಲಿ ಉಳಿದಿರುತ್ತದೆ.

ಸಾಗರದ ಮನೆ:
ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಫ್ರೇಮ್ ಬಿಚ್ಚಿದೆ. ಮರಕ್ಕೆ ಒತ್ತಿದ್ದ ಕಡೆ ಅಚ್ಚ ಕೆನೆ ಬಣ್ಣ, ಮಾವ ಹೇಳಿದ್ದು ಅಕ್ಷರಶಃ ನಿಜ.

ಡೆಟಾಲ್ ಮೊದಲು ಮೂಲೆಯಲ್ಲಿ ನೋಡಿದೆ, ಪ್ಲಾಸ್ಟಿಕ್ ಗಟ್ಟಿಯಾಗಿಯೇ ಇತ್ತು. ಆಮೇಲೆ ಬಟ್ಟೆ ಸುತ್ತಿಟ್ಟೆ. ಮೂರು ಗಂಟೆಗೆ ಏನೂ ಆಗಲಿಲ್ಲ. ಆರು ಗಂಟೆಗೆ ಅಂಚು ಸುಕ್ಕಾಯಿತು. ಒಂಬತ್ತು ಗಂಟೆ ಹೊತ್ತಿಗೆ ಹಾಲಿನ ಕೆನೆ ಎತ್ತಿದ ಹಾಗೆ ಪೇಂಟ್ ಎದ್ದು ಬಂತು. ಎಲ್ಲ ಕಡೆ ಅಲ್ಲ. ದಪ್ಪಗೆ ಇಳಿದಿದ್ದ ಕಡೆ ಮೂರು ಸಲ ಮಾಡಬೇಕಾಯಿತು. ಕಾಲುವೆಯೊಳಗಿನದನ್ನು ಊದುಬತ್ತಿಯ ಬಿದಿರು ಕಡ್ಡಿ ಚೂಪು ಮಾಡಿ ತೆಗೆದೆ. ಲೋಹದ ಯಾವುದನ್ನೂ ಮುಟ್ಟಿಸಲಿಲ್ಲ. ಕಾಲುವೆಯಲ್ಲಿ ಅಲ್ಲಲ್ಲಿ ಚಿನ್ನದ ಚುಕ್ಕೆ ಉಳಿದಿದೆ. ಮೊದಲ ಚುಕ್ಕೆ ಕಂಡಾಗ ಕೈ ನಡುಗಿತು.

ಬಣ್ಣ ಮರಕ್ಕೆ ಒತ್ತಿದ್ದ ಅಂಚಿಗಿಂತ ಸ್ವಲ್ಪ ಹೆಚ್ಚು ಹಳದಿ, ಆದರೆ ಎಲ್ಲ ಕಡೆ ಒಂದೇ ಸಮ ಇದೆ. 30 ವರ್ಷ ಪೇಂಟ್ ಬೆಳಕನ್ನು ತಡೆದದ್ದು ಒಳ್ಳೆಯದೇ ಆಯಿತೇನೋ. ಟೂತ್‌ಪೇಸ್ಟ್‌ನಿಂದ ಹೊಳಪು ಬಂತು. ಇನ್ನು ಉಳಿದಿರುವುದು ಚಿನ್ನದ ಗೆರೆ ಮತ್ತು ಆ ಕಪ್ಪು ನಾಬ್. ಬೆಂಗಳೂರಿನಲ್ಲಿರುವ ತಮ್ಮ ಅದೇ ಆಕಾರದ ನಾಬ್ ಹುಡುಕಿ ಕಳಿಸಿದ್ದಾನೆ. ಕಾಲಿಂಚಿನ ಶಾಫ್ಟಿಗೆ ಸರಿಯಾಗಿ ಕೂರುತ್ತದೆ. ಆದರೆ ಅಚ್ಚ ಬಿಳಿ. ಉಳಿದ ಮೂರರ ಪಕ್ಕದಲ್ಲಿ ಹೊಸ ಹಲ್ಲು ಕಟ್ಟಿಸಿದ ಹಾಗೆ ಕಾಣುತ್ತದೆ.

ಇಳಕಲ್ ನೇಕಾರ:
ಈ ನಾಬ್ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ ಅನ್ನಿಸಿತು. ನಮ್ಮದು ಬಟ್ಟೆಯ ಮನೆತನ. ಪಾಲಿಯೆಸ್ಟರ್‌ಗೆ ಹಾಕುವ ಡಿಸ್ಪರ್ಸ್ ಬಣ್ಣ ಪ್ಲಾಸ್ಟಿಕ್ಕಿಗೂ ಹಿಡಿಯುತ್ತದೆ. ಈ ಬಣ್ಣಗಳು ಹುಟ್ಟಿದ್ದೇ 1920ರ ದಶಕದಲ್ಲಿ ಅಸಿಟೇಟ್ ಎಂಬ ಕೃತಕ ರೇಷ್ಮೆಗಾಗಿ. ಹತ್ತಿಗೆ ಹಾಕುವ ಬಣ್ಣ ಇಲ್ಲಿ ನಡೆಯುವುದಿಲ್ಲ. ಬಣ್ಣದ ಅಂಗಡಿಯಲ್ಲಿ ಪಾಲಿಯೆಸ್ಟರ್ ಬಣ್ಣ ಅಂತ ಬಿಡಿಸಿ ಕೇಳಿ.

ಪೇಂಟಿಗೂ ಇದಕ್ಕೂ ವ್ಯತ್ಯಾಸ ಏನೆಂದರೆ ಇದು ಮೇಲೆ ಕೂರುವುದಿಲ್ಲ, ಒಳಗೆ ಇಳಿಯುತ್ತದೆ. ಉಗುರು ತಾಗಿದರೆ ಏಳುವುದಿಲ್ಲ. ಆದರೆ ಬಿಳಿಯಿಂದ ಗಾಢಕ್ಕೆ ಹೋಗಬಹುದು, ಗಾಢದಿಂದ ಬಿಳಿಗೆ ಬರಲಾಗದು. ಬೇಕ್‌ಲೈಟ್ ಮತ್ತು ಯೂರಿಯಾ ನಾಬ್‌ಗೆ ಇದು ಹಿಡಿಯುವುದಿಲ್ಲ.

ಅಡುಗೆಗೆ ಬಳಸದ ಪಾತ್ರೆ ಇಡಿ. ಒಂದು ಲೀಟರ್ ನೀರಿಗೆ ಸಾಸಿವೆ ಕಾಳಿನಷ್ಟು ಹಳದಿ, ಅದರ ಕಾಲು ಭಾಗ ಕಂದು. ಒಂದು ಹನಿ ಸೋಪು. ನೀರು 70 ಡಿಗ್ರಿ ದಾಟಬಾರದು. ಪಾಲಿಸ್ಟೈರೀನ್ ಆಗಿದ್ದರೆ ಅದಕ್ಕಿಂತ ಮೇಲೆ ಹೋದಷ್ಟೂ ಸೊಟ್ಟಗಾಗುವ ಭಯ. ಕುದಿಯುವ ನೀರಂತೂ ಖಂಡಿತ ಬೇಡ. ನಾಬ್‌ಗೆ ನೂಲು ಕಟ್ಟಿ ಇಳಿಬಿಟ್ಟು, ಅರ್ಧ ನಿಮಿಷಕ್ಕೊಮ್ಮೆ ಎತ್ತಿ, ತೊಳೆದು, ಹಳೇ ನಾಬ್ ಪಕ್ಕ ಹಿಡಿದು ನೋಡಿ. ಹಗಲು ಬೆಳಕಿನಲ್ಲೇ ನೋಡಬೇಕು. ಬಲ್ಬಿನ ಬೆಳಕಿನಲ್ಲಿ ಕೆನೆ ಬಣ್ಣ ಮೋಸ ಮಾಡುತ್ತದೆ, ಇದು ಸೀರೆಯವರ ಅನುಭವ. ಬೇಕಾದ್ದಕ್ಕಿಂತ ಒಂದು ಗುಲಗಂಜಿ ತಿಳಿ ಇರುವಾಗಲೇ ನಿಲ್ಲಿಸಿ.

ಲೆಸ್ಟರ್ ಕನ್ನಡಿಗ:
ಇದನ್ನು ಓದಿ ಬಹಳ ಖುಷಿಯಾಯಿತು. ಚಿನ್ನದ ಗೆರೆಗೆ ನೀರಿನ ಆಕ್ರಿಲಿಕ್ ಚಿನ್ನದ ಬಣ್ಣ ತೆಗೆದುಕೊಳ್ಳಿ. ಸಣ್ಣ ಬ್ರಶ್‌ನಿಂದ ಕಾಲುವೆ ತುಂಬಿ, ಅಂಚಿಗೆ ತಾಗಿದರೆ ಚಿಂತೆ ಬೇಡ. ಎರಡು ನಿಮಿಷ ಬಿಟ್ಟು, ವಿಸಿಟಿಂಗ್ ಕಾರ್ಡಿಗೆ ತೆಳು ಬಟ್ಟೆ ಬಿಗಿಯಾಗಿ ಸುತ್ತಿ, ಸ್ವಲ್ಪವೇ ಒದ್ದೆ ಮಾಡಿ, ಮೇಲ್ಮೈ ಮೇಲೆ ಎಳೆಯಿರಿ. ಬಟ್ಟೆ ಚಪ್ಪಟೆಯಾಗಿದ್ದರೆ ಕಾಲುವೆಯೊಳಗೆ ಇಳಿಯುವುದಿಲ್ಲ. ಮೇಲಿನದು ಹೋಗುತ್ತದೆ, ಒಳಗಿನದು ಉಳಿಯುತ್ತದೆ.

ಸಾಗರದ ಮನೆ:
ಇವತ್ತು ಫ್ರೇಮ್ ಕೂರಿಸಿದೆವು. ನಾಬ್ ಮೂರನೇ ಸಲ ಎತ್ತಿದಾಗ ಬಣ್ಣ ಹೊಂದಿತು. ಅಂದರೆ ಒಂದೂವರೆ ನಿಮಿಷ ಅಷ್ಟೇ. ಮೊದಲು ಬಿಳಿ ಪ್ಲಾಸ್ಟಿಕ್ ಚಮಚದ ಚೂರಿನ ಮೇಲೆ ನೋಡಿಕೊಂಡದ್ದು ಒಳ್ಳೆಯದಾಯಿತು, ನನ್ನ ಮೊದಲ ಪಾಕ ಅರಿಸಿನದ ಹಾಗೆ ಗಾಢವಾಗಿತ್ತು. ಚಿನ್ನದ ಗೆರೆ ಒಂದು ಕಡೆ ಸ್ವಲ್ಪ ದಪ್ಪ ಬಂದಿದೆ. ಅದನ್ನು ಮುಟ್ಟಲು ಹೋಗುವುದಿಲ್ಲ.

ಬೇಲೂರಿನವರೇ, ನಿಮ್ಮ ಮಾತು ಮರೆತಿಲ್ಲ. ಫ್ರೇಮಿನ ಕೆಳಬದಿಯಲ್ಲಿ, ಮರದ ಹಿಂದೆ ಅವಿತುಕೊಳ್ಳುವ ಕಡೆ, ಎರಡು ಬೆರಳಗಲ ಹಸಿರನ್ನು ಹಾಗೇ ಬಿಟ್ಟಿದ್ದೇನೆ. ನಾದಿನಿ ಬಂದಾಗ ತೋರಿಸಬೇಕು.

ಒಳಗಿನ ಸರ್ಕ್ಯೂಟ್ ಕೆಲಸಕ್ಕೆ ಮೆಕ್ಯಾನಿಕ್ ಮುಂದಿನ ತಿಂಗಳು ಬರುತ್ತಾರೆ, ಅಲ್ಲಿಯ ತನಕ ಕರೆಂಟ್ ಕೊಡುವುದಿಲ್ಲ. ಮಾವನವರ ಹತ್ತಿರ ತಂದು ಇಟ್ಟೆ. ಅವರು ಹೆಬ್ಬೆರಳಿನಿಂದ ಅಂಚು ಸವರಿ, ಗೆರೆ ಸಿಕ್ಕ ಕಡೆ ನಿಲ್ಲಿಸಿದರು. "ಎರಡೂ ಇದಾವೆ" ಅಂದರು. ಆಮೇಲೆ ಬಲಗಡೆಯ ನಾಬ್ ಹಿಡಿದು, ಆಫ್ ಆಗಿರುವ ರೇಡಿಯೊದಲ್ಲೇ, ರೇಡಿಯೊ ಸಿಲೋನ್ ಬರುತ್ತಿದ್ದ ಕಡೆಗೆ ಮುಳ್ಳು ತಿರುಗಿಸಿದರು.

ಬೇಲೂರು ಬಾನುಲಿ:
ಆ ಎರಡು ಬೆರಳಗಲಕ್ಕೆ ನನ್ನ ಧನ್ಯವಾದ. ಮೆಕ್ಯಾನಿಕ್‌ಗೆ ಒಂದು ಮಾತು ಹೇಳಿ: ಸೋಲ್ಡರಿಂಗ್ ಕಡ್ಡಿ ಇಡುವ ಸ್ಟ್ಯಾಂಡ್ ಫ್ರೇಮಿನಿಂದ ದೂರ ಇರಲಿ.